ಸ್ವಿಚ್ಚು ಆಫ್ ಇತ್ತು

ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಕರೆಂಟು ಬಂತು. ಎಲ್ಲ ಕೆಡಲು ಶುರುವಾದದ್ದು ಆಗ. ಇದನ್ನು ಹೇಳುವಾಗಲೆಲ್ಲ ಕೇಳುವವರು ನಡುವೆ ತಡೆದು, "ಕರೆಂಟು ಹೋದಾಗ ಅಂತೀರೇನು?" ಎಂದು ತಿದ್ದುತ್ತಾರೆ. ಅಲ್ಲ, ಬಂದಾಗ. ಗಡಿಯಾರವನ್ನು ನಾನು ಆಗಷ್ಟೇ ನೋಡಿದ್ದೆ. ಆ ಬೇಸಿಗೆಯಲ್ಲಿ ಬನಹಟ್ಟಿಯ ಮಂದಿಯೆಲ್ಲ ದಿನಕ್ಕೆ ಹತ್ತಾರು ಸಲ ಗಡಿಯಾರ ನೋಡುತ್ತಿದ್ದರು. ನಾಲ್ಕಕ್ಕೆ ಬರಬೇಕಾದದ್ದು ಇನ್ನೂ ಬಂದಿಲ್ಲವಲ್ಲ ಎಂದು ಶಪಿಸುವುದಕ್ಕೆ.

ನಮ್ಮ ಮನೆ ಅರ್ಧ ಮನೆ, ಅರ್ಧ ಮಗ್ಗದ ಶೆಡ್ಡು. ನಡುವೆ ಒಂದು ಗೋಡೆ, ಅದರಲ್ಲೊಂದು ಬಾಗಿಲು. ಕರೆಂಟು ಬಂದ ಕೂಡಲೇ ಶೆಡ್ಡಿನ ಪವರ್‌ಲೂಮುಗಳು ಒಂದೊಂದಾಗಿ ಹೊಡೆದುಕೊಳ್ಳಲು ಹತ್ತಿದವು. ಓಣಿಯ ಉಳಿದ ಮನೆಗಳ ಮಗ್ಗಗಳೂ ಕೂಡಿಕೊಂಡವು. ನಮ್ಮ ಕೋಣೆಯಲ್ಲಿ ಫ್ಯಾನು ಆಲಸ್ಯದಿಂದ ತಿರುಗಿತು. ಕಿಟಕಿಯ ಕೂಲರು ನರಳಿತು. ನನ್ನ ಗಂಡ ನೆಲದ ಮೇಲೆ ಕೂತಿದ್ದರು. ಮುಂದೆ ಅವರೇ ಜೋಡಿಸಿದ ಕಂಪ್ಯೂಟರು, ಒಂದು ಮಗ್ಗುಲಿನ ತಗಡು ಬಿಚ್ಚಿಟ್ಟು ಹೊಟ್ಟೆ ತೆರೆದುಕೊಂಡಿತ್ತು. ಎಡಗೈ ಅದರ ತಗಡಿನ ಅಂಚನ್ನು ಹಿಡಿದಿತ್ತು. ಬಲಗೈಯಲ್ಲಿ ಗ್ರಾಫಿಕ್ಸ್ ಕಾರ್ಡು.

ಕಾರ್ಡು ಕೆಳಗೆ ಬಿತ್ತು. ಅದನ್ನು ಕೂಸಿನ ಹಾಗೆ ಹಿಡಿದುಕೊಂಡು ಊರು ತುಂಬ ತಿರುಗಿದ್ದ ಮನುಷ್ಯ ಅದು ಬಿದ್ದರೂ ಕೆಳಗೆ ನೋಡಲಿಲ್ಲ. ನಾನು ಮೊದಲು ಗಮನಿಸಿದ್ದು ಅದನ್ನೇ. ಆಮೇಲೆ ಎಡಗೈ ಕಂಡಿತು. ತೋಳಿನ ನರಗಳೆಲ್ಲ ಎದ್ದು ನಿಂತಿದ್ದವು, ಬೆರಳುಗಳು ತಗಡನ್ನು ಬಿಗಿಯಾಗಿ ಹಿಡಿದಿದ್ದವು. ಬಾಯಿ ತೆರೆದಿತ್ತು, ಮಾತು ಇರಲಿಲ್ಲ. ಕೂಲರು ಮಧ್ಯಾಹ್ನದಿಂದ ಸೋರಿ, ಅವರು ಕೂತಲ್ಲಿ ನೆಲ ಒದ್ದೆಯಾಗಿತ್ತು.

ನಾನು ಗೋಡೆಯ ಬೋರ್ಡು ನೋಡಿದೆ. ಕಂಪ್ಯೂಟರಿನ ಪಿನ್ನು ಸಾಕೆಟ್ಟಿನಲ್ಲಿತ್ತು, ಸ್ವಿಚ್ಚು ಆಫ್ ಇತ್ತು. ಎರಡು ಸಲ ನೋಡಿದೆ. ಆರಿಸಿದ ಸ್ವಿಚ್ಚನ್ನು ಮತ್ತೆ ಹೇಗೆ ಆರಿಸುವುದು? ಇವತ್ತಿಗೂ ಆ ಕೋಣೆ ಕಣ್ಣೆದುರು ಬಂದಾಗ ನಾನು ಮೊದಲು ಆ ಸ್ವಿಚ್ಚನ್ನೇ ನೋಡುತ್ತೇನೆ.

ಕೂಗಿದೆ. ನನ್ನ ಕೂಗು ನನಗೇ ಕೇಳಿಸಲಿಲ್ಲ. ಅಷ್ಟು ಮಗ್ಗಗಳು ಹೊಡೆದುಕೊಳ್ಳುವಾಗ ಈ ಊರಿನಲ್ಲಿ ಮಂದಿ ಕಿವಿಗೆ ಬಾಯಿ ಹಚ್ಚಿ ಮಾತಾಡುತ್ತಾರೆ. ಅವರ ಭುಜ ಹಿಡಿದು ಎಳೆಯಲು ಕೈ ಚಾಚಿದೆ, ಚಾಚಿದ್ದನ್ನು ಹಿಂದೆಗೆದೆ. ಮುಟ್ಟಿದರೆ ನಾನೂ ಅಂಟಿಕೊಳ್ಳುತ್ತೇನೆ ಎನ್ನುವಷ್ಟು ಜಮಖಂಡಿಯ ಕಾಲೇಜಿನ ವಿಜ್ಞಾನ ನನಗೆ ಕಲಿಸಿತ್ತು. ಬಾಗಿಲು ದಾಟಿ ಶೆಡ್ಡಿಗೆ ಓಡಿದೆ. ಅಲ್ಲಿ ಗೋಡೆಗೆ ಎರಡು ಮೇನ್ ಸ್ವಿಚ್ಚು, ಒಂದು ಮನೆಯದು, ಒಂದು ಮಗ್ಗಗಳದ್ದು. ಯಾವುದು ಯಾವುದೆಂದು ಗೊತ್ತಿರಲಿಲ್ಲ. ಎರಡನ್ನೂ ಕೆಳಗೆಳೆದೆ.

ನಮ್ಮ ಮಗ್ಗಗಳೆಲ್ಲ ಒಂದೇ ಸಲಕ್ಕೆ ನಿಂತವು.

ಆ ಮೌನವನ್ನು ನಾನು ಹೇಗೆ ಹೇಳಲಿ? ಓಣಿಯ ಬೇರೆ ಮಗ್ಗಗಳು ಹೊಡೆದುಕೊಳ್ಳುತ್ತಲೇ ಇದ್ದವು, ಆದರೂ ನಮ್ಮ ಮನೆಯೊಳಗೆ ದೊಡ್ಡ ಗುಂಡಿಯೊಂದು ಬಿದ್ದಂತಾಯಿತು. ಅದರೊಳಗಿಂದ ಮಾವನ ದನಿ ಬಂತು.

"ಯಾರ್ಲೇ ಅದು ಮೇನ್ ಎಳದವ್ರು! ಎಲ್ಲಾ ಎಳಿ ಹರದ್ವಲ್ಲೋ!"

ನಾನು ಮೇನ್ ಸ್ವಿಚ್ಚಿನ ಹಿಡಿಯನ್ನು ಇನ್ನೂ ಬಿಟ್ಟಿರಲಿಲ್ಲ. "ಮಾವಾರ, ಅವರಿಗೆ ಕರೆಂಟ್ ಹಿಡದೈತ್ರೀ," ಎಂದೆ. ಅವರು ಕೈಯಲ್ಲಿದ್ದ ಲಾಳಿ ಎಸೆದು ಓಡಿದರು. ನಾನು ಓಡಲಿಲ್ಲ. ಹಿಡಿ ಬಿಟ್ಟರೆ ಯಾರಾದರೂ ಮತ್ತೆ ಮೇಲೆತ್ತಿಬಿಡುತ್ತಾರೆ ಎಂದು ಅಲ್ಲೇ ನಿಂತೆ. ಒಳಗೆ ಏನಾಗಿದೆಯೆಂದು ತಿಳಿಯದೆ ಹಾಗೆ ನಿಂತ ಹೊತ್ತು ಎಷ್ಟೆಂದು ಯಾರೂ ಅಳೆದಿಲ್ಲ. ಆಮೇಲೆ ಮಾವ ಒಳಗಿನಿಂದ "ಉಸರ ಐತಿ, ಬಾ ಯವ್ವಾ, ಉಸರ ಐತಿ," ಎಂದು ಕೂಗಿದರು. ಮಗ್ಗಗಳು ನಿಂತಿದ್ದರಿಂದ ಅದು ಕೇಳಿಸಿತು.

ಸೀರೆ ಗಂಟುಗಳನ್ನು ಸಾಗಿಸುವ ಟೆಂಪೋದಲ್ಲಿ ಮಲಗಿಸಿಕೊಂಡು ಜಮಖಂಡಿಗೆ ಒಯ್ದೆವು. ಬದುಕಿಕೊಂಡರು. ಎಡ ಅಂಗೈಯಲ್ಲಿ ಅಡ್ಡಕ್ಕೆ ಸುಟ್ಟ ಗೆರೆ, ಕ್ಯಾಬಿನೆಟ್ಟಿನ ಅಂಚಿನದೇ ಅಚ್ಚು. ಮೊದಲ ಮಾತು ಬಂದಾಗ, "ಕಾರ್ಡ್ ಒಡೀತೇನ?" ಎಂದು ಕೇಳಿದರು. ಮಾವ ಆಸ್ಪತ್ರೆಯಲ್ಲಿದ್ದೇವೆ ಎನ್ನುವುದನ್ನೂ ಮರೆತು ಬೈದರು.

ಇದು ಎರಡು ಸಾವಿರದ ಹತ್ತರ ಆಚೀಚಿನ ಮಾತು. ನಾನು ಮುಧೋಳದವಳು. ಮದುವೆಯಾಗಿ ಬನಹಟ್ಟಿಗೆ ಬಂದಾಗ ಮಗ್ಗಗಳ ಸದ್ದಿಗೆ ಎಷ್ಟೋ ದಿನ ಕಣ್ಣು ಮುಚ್ಚಿರಲಿಲ್ಲ. ಆಮೇಲೆ ರೂಢಿಯಾಗಿ, ತವರಿಗೆ ಹೋದರೆ ಅಲ್ಲಿನ ಸದ್ದಿಲ್ಲದ ಮನೆಯಲ್ಲೇ ನಿದ್ದೆ ಬರುತ್ತಿರಲಿಲ್ಲ. ಗಂಡ ಮಗ್ಗದ ವ್ಯವಹಾರ ನೋಡುತ್ತಿದ್ದರು. ಅವರಿಗೆ ಇದ್ದದ್ದು ಒಂದೇ ಹುಚ್ಚು, ಕಂಪ್ಯೂಟರ್ ಆಟ. ಕಾರು ಓಡಿಸುವುದು, ಗುಂಡು ಹಾರಿಸುವುದು. ರಬಕವಿಯ ಸೈಬರ್ ಕೆಫೆಯಲ್ಲಿ ಕಾಲೇಜು ಹುಡುಗರ ನಡುವೆ ಮೂವತ್ತರ ಮನುಷ್ಯ ಕೂತು ಆಡಿ ಬರುತ್ತಿದ್ದರು. ಮನೆಗೊಂದು ಕಂಪ್ಯೂಟರ್ ಬೇಕು ಎಂದಾಗ ಮಾವ ಬೇಡವೆನ್ನಲಿಲ್ಲ. ಅವರ ಷರತ್ತು ಒಂದೇ.

"ಕಂಪನೀದು ತಗೋ. ಶೀಲ್ ಮಾಡಿದ ಡಬ್ಬಿ, ಗ್ಯಾರಂಟಿ ಕಾಗದ. ಜಮಖಂಡ್ಯಾಗ ಅಂಗಡಿ ಐತಿ, ಕೆಟ್ಟರ ಹೋಗಿ ಜಗಳಾ ಮಾಡಬಹುದು."

"ಅಪ್ಪಾ, ಕಂಪನೀದರಾಗ ಆಟ ಓಡೂದಿಲ್ಲ. ಅದು ಕಾಗದಾ ಬರಿಯಾಕ, ಲೆಕ್ಕಾ ಮಾಡಾಕ. ನನಗ ಬೇಕಾದ ಸಾಮಾನ ನಾನ ಹಾಕ್ಕೋತೀನಿ."

"ನೀ ಏನ್ ಇಂಜಿನಿಯರೇನ್ಲೇ?"

"ನೀ ಏನ್ ಇಂಜಿನಿಯರ್ ಇದ್ದಿ? ನಮ್ಮ ಮಗ್ಗಾ ಯಾವ ಕಂಪನೀದು ಹೇಳ ನೋಡೋಣು. ಚೌಕಟ್ಟ ಒಂದ ಊರಿಂದು, ಮೋಟರ್ ಇನ್ನೊಂದರದು, ಚಿತ್ತಾರಾ ಮೂಡಸೂ ಡಾಬಿ ಮತ್ತೊಂದರದು. ಮೂರೂ ಕೂಡಿಸಿ ನೀ ಸೀರಿ ನೇಯಾಕತ್ತಿಲ್ಲೇನ?"

"ಮಗ್ಗಾ ಕೆಟ್ಟರ ರಿಪೇರಿ ಮಾಡಾಕ ಓಣಿ ತುಂಬ ಮಂದಿ ಅದಾರ. ನಿನ್ನ ಡಬ್ಬಿ ಕೆಟ್ಟರ ಯಾರ ಮನಿ ಬಾಗಲಾ ಬಡೀತಿ?" ಎಂದರು ಮಾವ.

ಅತ್ತೆ ಅಡುಗೆಮನೆಯಿಂದ, "ಇಬ್ರೂ ಕೂಡಿ ನನ್ನ ತಲಿ ಕೆಡಸ್ರಿ, ಅದಕ್ಕ ಯಾವ ಕಂಪನೀನೂ ಬ್ಯಾಡ," ಎಂದರು.

ಕೊನೆಗೆ ಮಗನದೇ ನಡೆಯಿತು. ಸಮೀರವಾಡಿಯ ಸಕ್ಕರೆ ಕಾರ್ಖಾನೆಯಲ್ಲಿ ಅವರ ಗೆಳೆಯರೊಬ್ಬರಿದ್ದರು, ಇದೇ ಹುಚ್ಚಿನವರು. ಅವರು ಪುಣೆಗೆ ಹೋಗಿಬಂದಾಗ ಒಂದು ಸಾಮಾನು, ಮಹಾಲಿಂಗಪುರದ ಅಂಗಡಿಯಿಂದ ಒಂದು, ಕೊರಿಯರಿನಲ್ಲಿ ಒಂದು. ತಿಂಗಳುಗಟ್ಟಲೆ ಕೂಡಿಸಿದರು. ಕೊನೆಗೆ ಉಳಿದದ್ದು ಗ್ರಾಫಿಕ್ಸ್ ಕಾರ್ಡು. ಅದನ್ನು ತಂದುಕೊಟ್ಟ ಗೆಳೆಯರು ಒಂದು ಎಚ್ಚರಿಕೆಯನ್ನೂ ಕೊಟ್ಟಿದ್ದರು. ಒಣ ಹವೆಯಲ್ಲಿ ನಮ್ಮ ಮೈಯಲ್ಲೇ ಚೂರು ಕರೆಂಟು ಇರುತ್ತದಂತೆ, ಬೆರಳಿನಿಂದ ಅದು ಹಾರಿದರೆ ಕಾರ್ಡು ಸುಡುತ್ತದಂತೆ. ಅದಕ್ಕೆ ಪಿನ್ನು ಸಾಕೆಟ್ಟಿನಲ್ಲೇ ಇರಲಿ, ಸ್ವಿಚ್ಚು ಮಾತ್ರ ಆರಿಸು, ಒಂದು ಕೈಯಿಂದ ಕ್ಯಾಬಿನೆಟ್ಟಿನ ತಗಡು ಹಿಡಿದುಕೊಂಡಿರು. ಮೈಯೊಳಗಿನ ಕರೆಂಟು ಮೂರನೆಯ ಪಿನ್ನಿನ ಅರ್ಥಿಂಗ್ ತಂತಿಯಿಂದ ನೆಲಕ್ಕೆ ಇಳಿದುಹೋಗುತ್ತದೆ.

ಈ ಮಾತು ತಪ್ಪಲ್ಲ. ಬೇರೆ ಯಾವ ಮನೆಯಲ್ಲಾದರೂ ಸರಿಯೇ. ನನ್ನ ಗಂಡ ಅದನ್ನು ಅಕ್ಷರಶಃ ಪಾಲಿಸಿದರು. ಕರೆಂಟು ಇಲ್ಲದ ಹೊತ್ತನ್ನೇ ಆರಿಸಿಕೊಂಡರು, ಸ್ವಿಚ್ಚು ಆರಿಸಿದರು, ತಗಡು ಹಿಡಿದು ಕೂತರು.

ಅವರು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಆ ಕಂಪ್ಯೂಟರಿನ ವಿಚಾರಣೆ ನಡೆಯಿತು. ಸ್ವಿಚ್ಚು ಆಫ್ ಇದ್ದದ್ದನ್ನು ನಾನು ಕಂಡಿದ್ದೆ, ಹೇಳಿದೆ. ಅದರಿಂದ ಮಾವನ ವಾದವೇ ಗಟ್ಟಿಯಾಯಿತು.

"ಸ್ವಿಚ್ ಆರಿಸಿದ ಮ್ಯಾಲೂ ಹೊಡೀತಂದ್ರ ಒಳಗ ಕರೆಂಟ್ ಹಿಡದಿಟ್ಟಕೊಂಡಿತ್ತದು. ಹತ್ತ ಊರಿನ ಸಾಮಾನ ಒಂದ ಹೊಟ್ಟ್ಯಾಗ ತುಂಬಿದ್ರ ಇನ್ನೇನಾಕ್ಕೈತಿ?"

ಅದನ್ನು ಅತ್ತೆಯ ಹಳೆಯ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರು. ಗಂಡ ಎದುರಾಡಲಿಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿತು. ಅವರು ಯಾವ ಸ್ವಿಚ್ಚನ್ನೂ ಮುಟ್ಟುತ್ತಿರಲಿಲ್ಲ. ದೀಪ ಹಚ್ಚಬೇಕಾದರೆ ನನ್ನನ್ನು ಕರೆಯುತ್ತಿದ್ದರು. ಶೆಡ್ಡಿಗೆ ಹೋದರೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಮಗ್ಗಗಳ ನಡುವೆ ಅತಿಥಿಯ ಹಾಗೆ ನಡೆಯುತ್ತಿದ್ದರು. ನೇಕಾರರ ಮಗ ಮಗ್ಗಕ್ಕೆ ಹೆದರಿದರೆ ಈ ಮನೆ ನಡೆಯುವುದು ಹೇಗೆ?

ನನ್ನ ನಿದ್ದೆಯೂ ಹೋಯಿತು. ಸದ್ದಿಗಲ್ಲ, ಸದ್ದು ನಿಂತರೆ. ಕರೆಂಟು ಹೋಗಿ ಓಣಿಯ ಮಗ್ಗಗಳು ನಿಂತ ಕೂಡಲೇ ಎದ್ದು ಕೂತು, ಪಕ್ಕದಲ್ಲಿ ಕೈಯಾಡಿಸಿ ಅವರ ಉಸಿರು ನೋಡುತ್ತಿದ್ದೆ. ಉಸಿರು ಸಿಕ್ಕಿದ ಮೇಲೂ ಮಲಗಲಾಗುತ್ತಿರಲಿಲ್ಲ. ಆರಿದ ಸ್ವಿಚ್ಚೊಂದು ಕೊಲ್ಲಬಲ್ಲದಾದರೆ ಈ ಮನೆಯಲ್ಲಿ ಯಾವುದನ್ನು ನಂಬುವುದು? ಫ್ಯಾನನ್ನೇ? ಮಿಕ್ಸರನ್ನೇ? ಡಬ್ಬಿಯ ತಪ್ಪು ಎನ್ನುವ ಮಾವನ ತೀರ್ಪು ನನಗೆ ಹಿಡಿಸುತ್ತಿರಲಿಲ್ಲ. ಆದರೆ ಬೇರೆ ಉತ್ತರವೂ ನನ್ನ ಹತ್ತಿರ ಇರಲಿಲ್ಲ. ಹಗಲೆಲ್ಲ ಮನೆಯ ಬೋರ್ಡುಗಳನ್ನು ದೂರದಿಂದ ನೋಡುತ್ತ ತಿರುಗುತ್ತಿದ್ದೆ.

ಅತ್ತೆ ಇದ್ದಿದ್ದರೆ ಬೇಗ ತಿಳಿಯುತ್ತಿತ್ತೋ ಏನೋ. ಅವರು ಬೇಸಿಗೆಯ ಮೊದಲೇ ಬೀಳಗಿಗೆ ಹೋಗಿದ್ದರು, ಮಗಳ ಎರಡನೆಯ ಬಾಣಂತನಕ್ಕೆ. ಅವರಿಗೆ ಏನೂ ಹೇಳಿರಲಿಲ್ಲ. "ಬಾಣಂತಿ ಮನ್ಯಾಗ ಈ ಸುದ್ದಿ ಬ್ಯಾಡ," ಎಂದು ಮಾವ ಎಲ್ಲರ ಬಾಯಿ ಕಟ್ಟಿದ್ದರು. ಅತ್ತೆ ಫೋನಿನಲ್ಲಿ ಮಗನನ್ನು ಕೇಳಿದಾಗಲೆಲ್ಲ ಅವರು ಶೆಡ್ಡಿನಲ್ಲಿದ್ದಾರೆ ಎಂದು ನಾನು ಹೇಳುತ್ತಿದ್ದೆ.

ಮಗ ಮಂಕಾಗಿದ್ದನ್ನು ಮಾವನಿಗೂ ನೋಡಲಾಗಲಿಲ್ಲ. ಯಾರಿಗೂ ಹೇಳದೆ ಜಮಖಂಡಿಗೆ ಹೋಗಿ ಕಂಪನಿಯ ಕಂಪ್ಯೂಟರ್ ಕೊಂಡು ತಂದರು. ಅಂಗಡಿಯವನೇ ಬಂದು ಆ ಕೋಣೆಯ ಮೇಜಿನ ಮೇಲೆ ಕೂಡಿಸಿ, ಅದೇ ಸಾಕೆಟ್ಟಿಗೆ ಪಿನ್ನು ಹಾಕಿ ಹೋದ. ಹೊಳೆಯುವ ಕರಿ ಡಬ್ಬಿ, ಹಿಂದೆ ತಗಡು, ಸೀಲಿನ ಚೀಟಿ. ಸ್ವಿಚ್ಚು ಹಾಕುವ ಮೊದಲು ಪೂಜೆ ಆಗಬೇಕೆಂದು ಮಾವ ಹಟ ಹಿಡಿದರು. ನಮ್ಮಲ್ಲಿ ಹೊಸ ಮಗ್ಗಕ್ಕೂ ಹಾಗೇ. ಕಾಯಿ ಒಡೆದರು, ವಿಭೂತಿ ಹಚ್ಚಿದರು. ನನ್ನ ಗಂಡ ಹೊಸ್ತಿಲಲ್ಲೇ ನಿಂತು ನೋಡುತ್ತಿದ್ದರು.

"ಬಾರೋ ತಮ್ಮಾ. ಇದು ಶೀಲ್ ಮಾಡಿದ್ದು. ಇದು ಕಡಿಯೂದಿಲ್ಲ," ಎಂದು ಮಾವ ನಕ್ಕು, ಹಿಂಭಾಗಕ್ಕೂ ವಿಭೂತಿ ಹಚ್ಚಲೆಂದು ಒದ್ದೆ ಬೆರಳುಗಳನ್ನು ಡಬ್ಬಿಯ ಹಿಂದೆ ಆಡಿಸಿದರು.

"ಅಯ್ಯೋ ಎಪ್ಪಾ!"

ಹಾರಿ ಹಿಂದಕ್ಕೆ ಬಿದ್ದರು. ಕಾಯಿಯ ಹೋಳು ಒಂದು ಕಡೆ, ಟೋಪಿ ಇನ್ನೊಂದು ಕಡೆ. ನೆಲ ಒಣಗಿದ್ದರಿಂದ ಅಷ್ಟರಲ್ಲೇ ಪಾರಾದರು. ಕೈ ಜಾಡಿಸುತ್ತ ಆ ಕರಿ ಡಬ್ಬಿಯನ್ನು ನೋಡಿದರು, ನಂಬಿದವನೇ ಮೋಸ ಮಾಡಿದಂತೆ.

"ಇದೂ ಹೊಡೀತೈತಿ!"

ನನ್ನ ಗಂಡ ಹೊಸ್ತಿಲಲ್ಲಿ ನಕ್ಕರು. ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ. "ಇದು ಯಾವ ಊರಿನ ಸಾಮಾನಪಾ? ಗ್ಯಾರಂಟಿ ಕಾಗದಾ ತೋರಸ, ಹೋಗಿ ಜಗಳಾ ಮಾಡ," ಎಂದರು.

ನಾನು ಬೋರ್ಡನ್ನು ನೋಡಿದೆ. ಸ್ವಿಚ್ಚು ಆಫ್ ಇತ್ತು.

ಅಲ್ಲಿಗೆ ಒಂದು ಮಾತು ಖಚಿತವಾಯಿತು. ಜೋಡಿಸಿದ್ದೋ ಕೊಂಡದ್ದೋ ಎನ್ನುವ ಜಗಳಕ್ಕೂ ಇದಕ್ಕೂ ಸಂಬಂಧವಿರಲಿಲ್ಲ. ಹೊಡೆಯುತ್ತಿದ್ದದ್ದು ಮನೆ. ತಿಳಿದದ್ದರಿಂದ ಸಮಾಧಾನವೇನೂ ಆಗಲಿಲ್ಲ. ಡಬ್ಬಿಯನ್ನು ಅಟ್ಟಕ್ಕೆ ಹಾಕಬಹುದು, ಮನೆಯನ್ನು ಎಲ್ಲಿಗೆ ಹಾಕುವುದು? ಪಿನ್ನು ಕಿತ್ತಿಟ್ಟು, ನಾವು ಮೂವರೂ ಆ ಕೋಣೆ ಬಿಟ್ಟು ಹೊರಗೆ ಬಂದೆವು. ಮಾವ ಬೀಳಗಿಗೆ ಫೋನು ಮಾಡಿ, "ಬಂದ ಬಿಡ ನೀ," ಎಂದಷ್ಟೇ ಹೇಳಿದರು.

ಅತ್ತೆ ಮರುದಿನದ ಬಸ್ಸಿಗೆ ಬಂದರು. ಮಗನ ಅಂಗೈ ನೋಡಿದರು, ಅತ್ತರು. ನಮ್ಮೆಲ್ಲರನ್ನೂ ಸಾಲಾಗಿ ಬೈದರು. ಬೈಯುತ್ತಲೇ ಕೊಡ ಎತ್ತಿಕೊಂಡು ಹಿತ್ತಲಿಗೆ ಹೋದರು, ಯಾಕೆಂದರೆ ತುಳಸಿಗೆ ನೀರು ಹಾಕುವ ಹೊತ್ತಾಗಿತ್ತು. ತುಳಸಿಕಟ್ಟೆಯ ಪಕ್ಕದಲ್ಲಿ ಅರ್ಥಿಂಗಿನ ಗುಂಡಿ. ಮನೆಯ ಅರ್ಥಿಂಗ್ ತಂತಿ ಅಲ್ಲಿಗೆ ಬಂದು ಮಣ್ಣಿನೊಳಗೆ ಇಳಿಯುತ್ತದೆ. ಅತ್ತೆ ದಿನಾ ತುಳಸಿಗೊಂದು ತಂಬಿಗೆ, ಆ ಗುಂಡಿಗೊಂದು ಕೊಡ ನೀರು ಹಾಕುವವರು. ಹಿಂದೆ ಯಾರೋ ವೈರ್‌ಮನ್ ಹೇಳಿದ್ದನಂತೆ. ಏಕೆಂದು ಅವರು ಕೇಳಿರಲಿಲ್ಲ.

"ಏನ್ರೀ, ಗುಂಡಿಗೆ ನೀರ ಹಾಕ್ರಿ ಅಂತ ನಿಮಗ ಹೇಳಿ ಹೋಗಿದ್ದಿನಲ್ಲ? ನೆಲಾ ಬಿರಕ ಬಿಟ್ಟೈತಿ!"

"ನಳಾ ವಾರಕ್ಕೊಮ್ಮೆ ಬರಾಕತ್ತೈತಿ," ಎಂದು ಮಾವ ಒಳಗಿನಿಂದ ಕೂಗಿದರು. "ಕುಡ್ಯಾಕ ಇಲ್ಲ, ಗುಂಡಿಗೆ ಎಲ್ಲಿಂದ ಹಾಕ್ಲಿ? ಗುಂಡಿ ಏನ್ ಹೂ ಬಿಡತೈತೇನ?"

ಅತ್ತೆ ಒಂದು ಕೊಡ ಸುರಿದರು, ಇನ್ನೊಂದು ಸುರಿದರು. ನಾನು ಪಡಸಾಲೆಯಲ್ಲಿ ಕೂತಿದ್ದೆ. ತಲೆಯ ಮೇಲಿನ ಫ್ಯಾನು ಆ ಬೇಸಿಗೆಯೆಲ್ಲ ಹೇಗೋ ಹಾಗೆ, ಎಣಿಸಬಹುದಾದಷ್ಟು ನಿಧಾನವಾಗಿ ತಿರುಗುತ್ತಿತ್ತು. ವೋಲ್ಟೇಜ್ ಇಲ್ಲ ಎಂದುಕೊಂಡಿದ್ದೆವು. ಅದು ನೋಡನೋಡುತ್ತಿದ್ದಂತೆ ಜೋರಾಯಿತು. ರೆಕ್ಕೆಗಳು ಒಂದರೊಳಗೊಂದು ಕರಗಿ ಗಾಳಿ ಬಂತು. ಕ್ಯಾಲೆಂಡರ್ ಹಾಳೆ ಹಾರಿತು.

"ಓಲ್ಟೇಜ್ ಬಂತ ನೋಡ," ಎಂದರು ಮಾವ.

ವೋಲ್ಟೇಜಲ್ಲ. ಅರ್ಥಿಂಗ್ ತಂತಿಗೆ ಕೆಲಸವೇ ಇರಬಾರದು. ಎಲ್ಲಿಯಾದರೂ ತಪ್ಪಿ ಹರಿದ ಕರೆಂಟನ್ನು ನೆಲಕ್ಕಿಳಿಸುವುದಕ್ಕಷ್ಟೇ ಅದು ಇರುವುದು. ಗುಂಡಿಗೆ ನೀರು ಬಿದ್ದರೆ ಫ್ಯಾನು ಯಾಕೆ ಜೋರಾಗಬೇಕು?

"ಮಾವಾರ, ಈ ಮನಿ ಕರೆಂಟು ತಿರುಗಿ ಕಂಬಕ್ಕ ಹೊಕ್ಕೈತೋ, ಗುಂಡಿಗೆ ಹೊಕ್ಕೈತ್ರೀ?"

ಅವರು ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಆಮೇಲೆ ಹೇಳಿದರು. ಮಗಳ ಲಗ್ನದ ಹೊತ್ತಿಗೆ ಕರೆಂಟು ಕಂಬಕ್ಕೆ ಮರಳುವ ವಾಪಸು ತಂತಿ, ಅಂದರೆ ನ್ಯೂಟ್ರಲ್, ಸುಟ್ಟಿತ್ತು. ಮನೆ ತುಂಬ ಬೀಗರು, ದೀಪವಿಲ್ಲ. ವೈರ್‌ಮನ್ ಒಬ್ಬನನ್ನು ಕರೆದು, ಆ ತಂತಿಯ ಬದಲು ಮನೆಯ ಕರೆಂಟನ್ನು ಅರ್ಥಿಂಗಿನ ಗುಂಡಿಗೇ ಕೂಡಿಸಿದರು. "ಎರಡ ದಿನದ ಮಟ್ಟಿಗೆ ಅಂತ ಮಾಡಿದ್ದು. ಛಲೋ ನಡೀತು, ಬಿಟ್ಟಬಿಟ್ಟೆ. ಓಣ್ಯಾಗ ಎಷ್ಟೋ ಮಂದಿ ಹಂಗ ಮಾಡ್ಯಾರ."

ವರ್ಷಗಟ್ಟಲೆ ಏನೂ ಆಗಲಿಲ್ಲ. ಅತ್ತೆಯ ಕೊಡದ ನೀರು ಕರೆಂಟಿಗೆ ದಾರಿ ಬಿಟ್ಟುಕೊಡುತ್ತಿತ್ತು. ಟಿವಿ, ಫ್ಯಾನು, ಕೂಲರು ಎಲ್ಲ ಎರಡು ಪಿನ್ನಿನವು, ಅವಕ್ಕೆ ಆ ತಂತಿಯ ಸೋಂಕಿಲ್ಲ. ಗುಂಡಿ ಒಣಗಿದ ಬೇಸಿಗೆಯಲ್ಲಿ ಕರೆಂಟಿಗೆ ನೆಲ ಸಿಗದೆ ಅದು ತಂತಿಯಲ್ಲೇ ನಿಂತು ಕಾಯುತ್ತಿತ್ತು. ಆಗ ಮನೆಗೆ ಬಂದ ಮೊದಲ ಮೂರು ಪಿನ್ನಿನ, ತಗಡಿನ ಮೈಯ ವಸ್ತು ನನ್ನ ಗಂಡನ ಕಂಪ್ಯೂಟರು. ಸ್ವಿಚ್ಚು ಆರಿಸಿದರೂ ಮೂರನೆಯ ಪಿನ್ನು ಆರುವುದಿಲ್ಲ. ಕೂಲರು, ಫ್ಯಾನು ತಿರುಗಿದ ಕೂಡಲೇ ಅವುಗಳ ಕರೆಂಟು ಗುಂಡಿಗಿಳಿಯಲಾರದೆ ಆ ಪಿನ್ನಿನಿಂದ ತಗಡಿಗೆ, ತಗಡಿನಿಂದ ಕೈಗೆ, ಒದ್ದೆ ನೆಲಕ್ಕೆ ದಾರಿ ಕಂಡುಕೊಂಡಿತು. ಕಾರ್ಡನ್ನು ಕಾಯಲೆಂದು ಅವರು ಹಿಡಿದದ್ದು ಅದನ್ನೇ.

ಮಾವ ತಾವೇ ಹೋಗಿ ಲೈನ್‌ಮನ್ ಕರೆತಂದರು. ಕಂಬದಿಂದ ಹೊಸ ತಂತಿ ಬಂತು, ಗುಂಡಿಯ ತಂತಿ ಬೇರೆಯಾಯಿತು. ಕೆಲಸ ಮುಗಿದ ಮೇಲೆ ಮಾವ ಆ ಕರಿ ಡಬ್ಬಿಯ ಹಿಂಭಾಗವನ್ನು ಮೊದಲು ಒಂದು ಬೆರಳಿನಿಂದ, ಆಮೇಲೆ ಇಡೀ ಅಂಗೈಯಿಂದ ಮುಟ್ಟಿದರು. ಮಗನ ಕಡೆ ನೋಡಲಿಲ್ಲ.

ನಾನು ಮಲಗಿದೆನೇ? ಇಲ್ಲ. ಕಾರಣ ತಿಳಿದರೂ ಮೈ ಒಪ್ಪುತ್ತಿರಲಿಲ್ಲ. ಮಗ್ಗ ನಿಂತರೆ ಏಳುವುದು, ಉಸಿರು ಹುಡುಕುವುದು, ನಡೆದೇ ಇತ್ತು. ಗಂಡನ ಕೈಗಳೂ ಬೆನ್ನ ಹಿಂದೆಯೇ ಇದ್ದವು. ಕಂಪನಿಯ ಕಂಪ್ಯೂಟರಿನಲ್ಲಿ ಮಾವ ಇಸ್ಪೀಟು ಆಡಲು ಕಲಿತರು. ಮಗ ದೂರದಲ್ಲಿ ನಿಂತು, "ಅಪ್ಪಾ, ಕೆಂಪ ಎಂಟು ಅಲ್ಲಿ ಇಡ," ಎನ್ನುತ್ತಿದ್ದರು.

ಮಳೆಗಾಲ ಹಿಡಿದು ಗುಂಡಿಯ ಮೇಲೆ ಹುಲ್ಲು ಬಂದಿತ್ತು. ಒಂದು ಭಾನುವಾರ ಬೆಳಗ್ಗೆ ಮಾವ ಏಣಿ ಹಾಕಿ ಅಟ್ಟದಿಂದ ಸೀರೆಯ ಗಂಟು ಇಳಿಸಿದರು. ನೆಲದ ಮೇಲೆ ಬಿಚ್ಚಿಟ್ಟು, "ಇಸ್ಪೀಟು ಸಾಕಾತು. ನಿನ್ನ ಕಾರಿನ ಆಟಾ ಹೆಂಗಿರತೈತಿ ನೋಡೋಣು, ಕೂಡಸ," ಎಂದರು.

ಗಂಡ ನನ್ನ ಮುಖ ನೋಡಿದರು. ನಾನು ಕಂಪ್ಯೂಟರಿನ ವೈರನ್ನು ಪೂರ್ತಿ ಕಳಚಿ ತೆಗೆದುಕೊಂಡು, ಸುತ್ತಿ ಮಡಿಲಲ್ಲಿ ಇಟ್ಟುಕೊಂಡು ಅವರೆದುರು ಕೂತೆ.

"ಗೆಳೆಯಾ ಹೇಳಿದ್ದ, ಪಿನ್ ಹಾಕಿರಬೇಕು, ಇಲ್ಲಂದ್ರ ಕಾರ್ಡ್…"

"ಕಾರ್ಡ್ ಸುಟ್ಟರ ಸುಡಲಿ ಬಿಡ್ರೀ."

ಅವರು ಎಡಗೈಯನ್ನು ತಗಡಿನ ಹತ್ತಿರ ಒಯ್ದರು, ನಿಲ್ಲಿಸಿದರು. ಅಂಗೈಯ ಗೆರೆ ಬೆಳ್ಳಗಾಗಿತ್ತು. ನಾನು ವೈರಿನ ಪಿನ್ನನ್ನು ಎತ್ತಿ ತೋರಿಸಿದೆ. ಮುಟ್ಟಿದರು. ಬೆರಳು ಬಿಟ್ಟರು, ಮತ್ತೆ ಮುಟ್ಟಿದರು. ಗೋಡೆಯಾಚೆ ಮಗ್ಗಗಳು ಹೊಡೆದುಕೊಳ್ಳುತ್ತಿದ್ದವು. ಆ ದಿನ ಬಿದ್ದಾಗ ಒಂದು ಮೂಲೆ ಚಕ್ಕೆ ಎದ್ದಿದ್ದ ಕಾರ್ಡನ್ನು ನಿಧಾನವಾಗಿ ಅದರ ಸೀಳಿನಲ್ಲಿ ಇಟ್ಟು ಒತ್ತಿದರು. ಸಣ್ಣಗೆ ಟಕ್ ಎಂದಿತು. ತಗಡು ಮುಚ್ಚಿದ ಮೇಲೆಯೇ ನಾನು ವೈರು ಕೊಟ್ಟೆ. ಸ್ವಿಚ್ಚನ್ನು ಅವರೇ ಹಾಕಿದರು. ಸಂಜೆ ಮಾವ ಮೊದಲ ತಿರುವಿನಲ್ಲೇ ಕಾರನ್ನು ಗೋಡೆಗೆ ಗುದ್ದಿದರು. ಮಗ ನಕ್ಕದ್ದಕ್ಕೆ, "ಕಂಪನಿ ಕಾರ್ ಇದ್ರ ಹಿಂಗ ಆಗತಿರಲಿಲ್ಲ," ಎಂದರು.

ಮರುದಿನ ನಾನು ಎದ್ದಾಗ ಕಿಟಕಿಯಲ್ಲಿ ಬಿಸಿಲು ಬಂದಿತ್ತು. ಅತ್ತೆ ಹಿತ್ತಲಿನಿಂದ ಖಾಲಿ ಕೊಡ ಹಿಡಿದು ಒಳಗೆ ಬಂದರು.

"ಏನ್ ನಿದ್ದಿ ತಂಗಿ ನಿಂದು! ನಡರಾತ್ರಿಯಿಂದ ಕರೆಂಟಿಲ್ಲ. ಸೆಕಿಗೆ ನಾವ್ಯಾರೂ ಕಣ್ಣ ಮುಚ್ಚಿಲ್ಲ."

"ಮಗ್ಗಾ ನಿಂತಿದ್ದವೇನ್ರೀ?"

"ಇಡೀ ಓಣಿದು ನಿಂತಾವ. ಇನ್ನೂ ಬಂದಿಲ್ಲ, ಕೇಳ."

ನಾನು ಕೇಳಿದೆ. ಎಲ್ಲೂ ಸದ್ದಿರಲಿಲ್ಲ. ಪಕ್ಕದಲ್ಲಿ ಗಂಡ ಗೊರಕೆ ಹೊಡೆಯುತ್ತಿದ್ದರು, ಎಡಗೈ ಹಾಸಿಗೆಯ ಮೇಲೆ ಸಡಿಲವಾಗಿ ತೆರೆದುಕೊಂಡಿತ್ತು.